ರೈಲಿನಲ್ಲಿ ಮಗನನ್ನು ‘ಫೀನಿಯನ್’ ಎಂದು ಬೈದರು: ಇದು ಫುಟ್‌ಬಾಲ್ ಜಗಳವೇ, ಅಪರಾಧವೇ?

ಪ್ರಶ್ನೆ: ನಾವು ದಾವಣಗೆರೆ ಕಡೆಯವರು. ಗ್ಲಾಸ್ಗೋ ಹತ್ತಿರದ ಹ್ಯಾಮಿಲ್ಟನ್‌ನಲ್ಲಿ ಹನ್ನೊಂದು ವರ್ಷದಿಂದ ಇದ್ದೇವೆ. ಮಗನಿಗೆ 19. ಶಾಲೆಯ ಗೆಳೆಯರ ಜೊತೆ ಸೇರಿ ಗ್ಲಾಸ್ಗೋದ ಸೆಲ್ಟಿಕ್ ಫುಟ್‌ಬಾಲ್ ಕ್ಲಬ್ಬಿನ ಅಭಿಮಾನಿಯಾದ. ಹೋದ ವಾರ ರೇಂಜರ್ಸ್ ವಿರುದ್ಧದ ಪಂದ್ಯ ನೋಡಿಕೊಂಡು ಡಾಲ್ಮಾರ್ನಕ್‌ನಿಂದ ರೈಲಿನಲ್ಲಿ ಒಬ್ಬನೇ ಬರುತ್ತಿದ್ದ. ಮೂವರು ಗಂಡಸರು ಅವನ ಹಸಿರು ಸ್ಕಾರ್ಫ್ ಹಿಡಿದು ಎಳೆದು, ಇಲ್ಲಿ ಐರಿಷ್ ಕ್ಯಾಥೊಲಿಕರನ್ನು ಬೈಯಲು ಬಳಸುವ ‘ಫೀನಿಯನ್’ ಎಂಬ ಮಾತಿನ ಜೊತೆ ಇನ್ನೊಂದು ಕೆಟ್ಟ ಪದ ಸೇರಿಸಿ ಬೈದರು. ‘ನಿಮ್ಮೂರಿಗೆ ಹೋಗು’ ಅಂದರು. ಅವನು ಮುಂದಿನ ಸ್ಟೇಷನ್‌ನಲ್ಲೇ ಇಳಿದು, ಪ್ಲಾಟ್‌ಫಾರ್ಮಿನಿಂದ ಅಳುತ್ತಾ ನನಗೆ ಫೋನ್ ಮಾಡಿದ. ನಾವು ಲಿಂಗಾಯತರು. ಕ್ಯಾಥೊಲಿಕರಲ್ಲ, ಐರಿಷರೂ ಅಲ್ಲ. ‘ಅದು ನಿಮ್ಮ ಧರ್ಮಕ್ಕೆ ಬೈದದ್ದಲ್ಲ, ಫುಟ್‌ಬಾಲ್‌ನಲ್ಲಿ ಇದೆಲ್ಲ ಮಾಮೂಲು, ಪೊಲೀಸರು ಕೇಳಿಸಿಕೊಳ್ಳುವುದೇ ಇಲ್ಲ’ ಎಂದು ಇಲ್ಲಿನ ಗೆಳೆಯರು ಹೇಳುತ್ತಾರೆ. ಇನ್ನೊಂದು ವಿಷಯವೂ ಇದೆ. ಅದೇ ರಾತ್ರಿ ಮಗ ಸಿಟ್ಟಿನಲ್ಲಿ, ತಾನು ಪಾರ್ಟ್‌ಟೈಮ್ ಕೆಲಸ ಮಾಡುವ ಅಂಗಡಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ರೇಂಜರ್ಸ್ ಅಭಿಮಾನಿಯೊಬ್ಬನಿಗೆ ‘ಹನ್’ (ಆ ಕಡೆಯವರನ್ನು ಹೀಗಳೆಯುವ ಪದ) ಎಂದು ಬರೆದಿದ್ದಾನೆ. ಆ ಹುಡುಗ ಮ್ಯಾನೇಜರ್‌ಗೆ ದೂರು ಕೊಟ್ಟಿದ್ದಾನೆ. ಈ ವರ್ಷ ಪೌರತ್ವಕ್ಕೆ ಅರ್ಜಿ ಹಾಕಬೇಕೆಂದಿದ್ದೆವು. ನನಗೆ ನಿದ್ದೆ ಬರುತ್ತಿಲ್ಲ. ಏನು ಮಾಡಲಿ?

ಉತ್ತರ: ಅಮ್ಮಾ, ಮೊದಲು ಉತ್ತರ ಹೇಳಿಬಿಡುತ್ತೇನೆ, ಕಾರಣ ಆಮೇಲೆ. ರೈಲಿನಲ್ಲಿ ನಿಮ್ಮ ಮಗನಿಗೆ ಮಾಡಿದ್ದು ಸ್ಕಾಟ್ಲೆಂಡಿನ ಕಾನೂನಿನಲ್ಲಿ ಅಪರಾಧ. ಅವನು ಕ್ಯಾಥೊಲಿಕ್ ಅಲ್ಲ ಎಂಬ ಕಾರಣಕ್ಕೆ ಅದು ಸಣ್ಣದಾಗುವುದಿಲ್ಲ. ಅವನು ಬರೆದ ಆ ಒಂದು ಪದ, ನೀವು ಹೇಳಿದಷ್ಟೇ ಆಗಿದ್ದರೆ, ಪೊಲೀಸ್ ಕೇಸ್ ಆಗುವ ಸಾಧ್ಯತೆ ಕಮ್ಮಿ. ಕೆಲಸದ ಜಾಗದಲ್ಲಿ ಮಾತ್ರ ಅದರಿಂದ ತೊಂದರೆ ಆಗಬಹುದು. ಇವೆರಡೂ ಬೇರೆ ಬೇರೆ ವಿಷಯ. ಒಂದಕ್ಕೊಂದು ಗಂಟು ಹಾಕಿ, ‘ನಾವೂ ತಪ್ಪು ಮಾಡಿದ್ದೀವಲ್ಲ’ ಎಂದು ಸುಮ್ಮನಾಗಿಬಿಡಬೇಡಿ. ಎಷ್ಟೋ ಮನೆಗಳಲ್ಲಿ ಹಾಗೇ ಆಗಿದ್ದನ್ನು ನೋಡಿದ್ದೇನೆ.

ನಾನು ಗ್ಲಾಸ್ಗೋದಲ್ಲಿ ಕ್ರಿಮಿನಲ್ ಕೇಸುಗಳನ್ನು ನಡೆಸುವ ವಕೀಲೆ. ಬೈದ ಹುಡುಗರ ಪರವಾಗಿ ಕೋರ್ಟಿನಲ್ಲಿ ನಿಂತಿದ್ದೇನೆ. ಬೈಸಿಕೊಂಡವರು ದೂರು ಬರೆಯುವಾಗ ಪಕ್ಕದಲ್ಲಿ ಕೂತೂ ಇದ್ದೇನೆ. ಇಬ್ಬರ ಬಾಯಲ್ಲೂ ಒಂದೇ ಪ್ರಶ್ನೆ: ‘ಆ ಪದ ಹೇಳಿದರೆ ಅಪರಾಧವಾ, ಅಲ್ವಾ?’ ಪದಗಳ ಪಟ್ಟಿ ಇಟ್ಟುಕೊಂಡ ಕಾನೂನು ಇಲ್ಲಿ ಇಲ್ಲ. ಯಾರು, ಎಲ್ಲಿ, ಯಾರಿಗೆ, ಹೇಗೆ ಹೇಳಿದರು ಎಂಬುದನ್ನು ಕಾನೂನು ಮೊದಲು ನೋಡುತ್ತದೆ. ಪದದ ಅರ್ಥ ಆಮೇಲೆ.

ಹಸಿರು ಸ್ಕಾರ್ಫ್ ಕಂಡರೆ ಧರ್ಮ ಯಾಕೆ ನೆನಪಾಗುತ್ತದೆ ಎಂಬುದು ನಮ್ಮೂರಿನಿಂದ ಬಂದವರಿಗೆ ಅರ್ಥವಾಗುವುದು ಕಷ್ಟ. 1840ರ ದಶಕದಲ್ಲಿ ಐರ್ಲೆಂಡಿನಲ್ಲಿ ಆಲೂಗಡ್ಡೆ ಬೆಳೆ ಕೊಳೆತು ಬರ ಬಂತು. ಹಸಿದವರು ಹಡಗು ಹತ್ತಿ ಗ್ಲಾಸ್ಗೋಗೆ ಬಂದರು. ಬಹಳಷ್ಟು ಜನ ಕ್ಯಾಥೊಲಿಕರು. ಊರು ಪ್ರೊಟೆಸ್ಟೆಂಟರದ್ದು. 1887ರಲ್ಲಿ ಬ್ರದರ್ ವಾಲ್ಫ್ರಿಡ್ ಎಂಬ ಐರಿಷ್ ಕ್ಯಾಥೊಲಿಕ್ ಧರ್ಮಬಂಧು, ನಗರದ ಪೂರ್ವ ಭಾಗದ ಬಡ ಮಕ್ಕಳ ಊಟಕ್ಕೆ ದುಡ್ಡು ಕೂಡಿಸಲು ಸೆಲ್ಟಿಕ್ ಕ್ಲಬ್ ಕಟ್ಟಿದರು. ರೇಂಜರ್ಸ್ ಅದಕ್ಕಿಂತ ಹಳೆಯದು, 1872ರದ್ದು. 1888ರ ಮೇ ತಿಂಗಳಲ್ಲಿ ಸೆಲ್ಟಿಕ್ ಆಡಿದ ಮೊದಲ ಪಂದ್ಯವೇ ರೇಂಜರ್ಸ್ ಮೇಲೆ. 5–2ರಿಂದ ಗೆದ್ದರು. ಆಗ ದ್ವೇಷ ಇರಲಿಲ್ಲ. ಅದು ಆಮೇಲೆ ಬೆಳೆಯಿತು. 1923ರಲ್ಲಿ ಚರ್ಚ್ ಆಫ್ ಸ್ಕಾಟ್ಲೆಂಡ್‌ನ ವರದಿಯೊಂದು ಐರಿಷ್ ವಲಸಿಗರನ್ನು ದೇಶಕ್ಕೇ ಗಂಡಾಂತರ ಎಂದು ಬರೆಯಿತು. ಆ ಚರ್ಚ್ ಅದಕ್ಕೆ ಕ್ಷಮೆ ಕೇಳಿದ್ದು 2002ರಲ್ಲಿ. ರೇಂಜರ್ಸ್ ಕೂಡ ದಶಕಗಟ್ಟಲೆ ಕ್ಯಾಥೊಲಿಕ್ ಆಟಗಾರರನ್ನು ಸೇರಿಸಿಕೊಳ್ಳದೆ ಉಳಿದಿತ್ತು. ಎಲ್ಲೂ ಬರೆದಿಡದ ಆ ಕಟ್ಟು 1989ರ ಜುಲೈಯಲ್ಲಿ ಮೋ ಜಾನ್‌ಸ್ಟನ್ ಸೇರಿದಾಗ ಮುರಿಯಿತು. ಕೋಲ್ಕತ್ತಾದ ಈಸ್ಟ್ ಬೆಂಗಾಲ್–ಮೋಹನ್ ಬಾಗಾನ್ ಪಂದ್ಯ ಗೊತ್ತಿದ್ದವರಿಗೆ ಇದು ಬೇಗ ಹೊಳೆಯುತ್ತದೆ. ಅಲ್ಲೂ ಚೆಂಡಿನ ಹಿಂದೆ ಗಡಿ ದಾಟಿ ಬಂದವರ ಕಥೆ ಇದೆಯಲ್ಲ.

ಹಾಗಾಗಿ ಗ್ಲಾಸ್ಗೋದಲ್ಲಿ ‘ನೀನು ಯಾವ ಟೀಮ್?’ ಎಂದು ಕೇಳಿದರೆ ಎಷ್ಟೋ ಸಲ ‘ನಿನ್ನ ಧರ್ಮ ಯಾವುದು?’ ಎಂದೇ ಅರ್ಥ. ‘ಯಾವ ಶಾಲೆಯಲ್ಲಿ ಓದಿದೆ?’ ಎಂಬ ಪ್ರಶ್ನೆಯೂ ಹಾಗೇ. ಯಾಕೆಂದರೆ 1918ರ ಕಾಯ್ದೆಯಿಂದ ಇಲ್ಲಿ ಕ್ಯಾಥೊಲಿಕ್ ಶಾಲೆಗಳೂ ಸರ್ಕಾರದ ಖರ್ಚಿನಲ್ಲೇ ನಡೆಯುತ್ತವೆ. ನಿಮ್ಮ ಮಗ ಸ್ಕಾರ್ಫ್ ಹಾಕಿಕೊಂಡಾಗ ಆಟವನ್ನಷ್ಟೇ ಪ್ರೀತಿಸಿದ. ನೋಡಿದವರು ಅವನ ಕೊರಳಲ್ಲಿ ಈ ಹಳೆಯ ಜಗಳವನ್ನೂ ಕಂಡರು. ಅದು ಅವನ ತಪ್ಪಲ್ಲ.

ಈಗ ಕಾನೂನಿಗೆ ಬರೋಣ.

ಸ್ಕಾಟ್ಲೆಂಡಿನಲ್ಲಿ ‘ಸೆಕ್ಟೇರಿಯನ್ ಬೈಗುಳ’, ಅಂದರೆ ಪಂಥದ್ವೇಷದ ಬೈಗುಳ, ಎಂಬ ಹೆಸರಿನ ಅಪರಾಧವೇ ಇಲ್ಲ. ಆ ಪದಕ್ಕೆ ಕಾಯ್ದೆಯಲ್ಲಿ ವ್ಯಾಖ್ಯಾನವೂ ಇಲ್ಲ. ವ್ಯಾಖ್ಯಾನ ಬೇಕೇ ಎಂದು ನೋಡಲು ಸರ್ಕಾರ ಪ್ರೊಫೆಸರ್ ಡಂಕನ್ ಮಾರೋ ಅವರ ಅಧ್ಯಕ್ಷತೆಯಲ್ಲಿ ಗುಂಪೊಂದನ್ನು ಮಾಡಿತ್ತು. ಸೇರಿಸಿ ಎಂದೇ ಅವರು 2018ರಲ್ಲಿ ವರದಿ ಕೊಟ್ಟರು. ಆಮೇಲೆ ಬಂದ 2021ರ ಕಾಯ್ದೆಯಲ್ಲಿ ಅದು ಸೇರಲಿಲ್ಲ. ನನಗೆ ಕೇಳಿದರೆ ಸೇರಿಸಬೇಕಿತ್ತು. ಇಲ್ಲಿನ ಬೈಗುಳದಲ್ಲಿ ಧರ್ಮ, ಜನಾಂಗ, ರಾಜಕೀಯ ಮೂರೂ ಹೆಣೆದುಕೊಂಡಿವೆ. ಕಾನೂನು ಮಾತ್ರ ಅವನ್ನು ಎಳೆ ಎಳೆಯಾಗಿ ಬಿಡಿಸಿ ಕೊಡಿ ಅನ್ನುತ್ತದೆ.

ಹಾಗಾದರೆ ಶಿಕ್ಷೆ ಯಾವುದಕ್ಕೆ? ಎರಡು ಮೆಟ್ಟಿಲು ಇವೆ. ಮೊದಲನೆಯದು ಮೂಲ ಅಪರಾಧ. 2010ರ ಕ್ರಿಮಿನಲ್ ಜಸ್ಟಿಸ್ ಆ್ಯಂಡ್ ಲೈಸೆನ್ಸಿಂಗ್ ಕಾಯ್ದೆಯ 38ನೇ ಸೆಕ್ಷನ್ ನಾವು ದಿನಾ ನೋಡುವುದು. ಬೆದರಿಸುವ ಅಥವಾ ನಿಂದಿಸುವ ನಡವಳಿಕೆ ಇರಬೇಕು. ತಿಳಿವಳಿಕೆ ಇರುವ ಸಾಮಾನ್ಯ ಮನುಷ್ಯನಿಗೆ ಅದರಿಂದ ಭಯವೋ ಗಾಬರಿಯೋ ಆಗುವಂತಿರಬೇಕು. ಹಾಗೆ ಆಗಲಿ ಎಂದು ಬೇಕಂತಲೇ ಮಾಡಿರಬೇಕು, ಇಲ್ಲವೇ ಆದರೆ ಆಗಲಿ ಎಂಬ ಉಡಾಫೆ ಇರಬೇಕು. ದೊಡ್ಡ ಕೇಸಾದರೆ 5 ವರ್ಷದವರೆಗೆ ಜೈಲಿದೆ. ಹೆಚ್ಚಿನವು ಶೆರಿಫ್ ಕೋರ್ಟಿನಲ್ಲಿ (ಇಲ್ಲಿ ಶೆರಿಫ್ ಎಂದರೆ ನ್ಯಾಯಾಧೀಶರು) ದಂಡಕ್ಕೋ ಸಮಾಜಸೇವೆಯ ಆದೇಶಕ್ಕೋ ಮುಗಿಯುತ್ತವೆ.

ಎರಡನೆಯ ಮೆಟ್ಟಿಲು ದ್ವೇಷದ ಅಂಶ. ಇದನ್ನು ಇಲ್ಲಿ ‘ಅಗ್ರವೇಷನ್’ ಎನ್ನುತ್ತಾರೆ. ಇದು ಬೇರೆ ಅಪರಾಧವಲ್ಲ. ಮೂಲ ಅಪರಾಧದ ತೂಕವನ್ನು ಹೆಚ್ಚಿಸುವಂಥದ್ದು. ಗೋಡೆ ಇದ್ದರೆ ತಾನೆ ಚಿತ್ತಾರ? ಮೂಲ ಅಪರಾಧವೇ ಇಲ್ಲದಿದ್ದರೆ ಅಗ್ರವೇಷನ್ ಕೂಡ ನಿಲ್ಲುವುದಿಲ್ಲ. ಧರ್ಮದ ವಿಷಯದಲ್ಲಿ ಮೊದಲು 2003ರ ಕಾಯ್ದೆಯ 74ನೇ ಸೆಕ್ಷನ್ ಇತ್ತು. 2024ರ ಏಪ್ರಿಲ್ 1ರಿಂದ ಅದರ ಜಾಗದಲ್ಲಿ 2021ರ ಹೇಟ್ ಕ್ರೈಮ್ ಕಾಯ್ದೆ ಜಾರಿಯಲ್ಲಿದೆ.

ನಿಮ್ಮ ಗೆಳೆಯರ ಮಾತು ಬಿದ್ದುಹೋಗುವುದು ಈ ಕಾಯ್ದೆಯ ಮೊದಲ ಸೆಕ್ಷನ್‌ನಲ್ಲೇ. ಬೈಸಿಕೊಂಡವನು ಆ ಗುಂಪಿಗೆ ಸೇರಿರಬೇಕು ಎಂದು ಅದು ಕೇಳುವುದಿಲ್ಲ. ಬೈದವನು ‘ಇವನು ಆ ಗುಂಪಿನವನು’ ಎಂದುಕೊಂಡಿದ್ದರೂ ಸಾಕು. ಧರ್ಮ ಎಂದು ಹೇಳಿ ಅಲ್ಲಿಗೇ ನಿಲ್ಲುವುದೂ ಇಲ್ಲ. ಸಾಮಾಜಿಕ, ಸಾಂಸ್ಕೃತಿಕ ಗುಂಪಿಗೆ ಜನ ಯಾವ ಧರ್ಮದ ನಂಟು ಇದೆ ಎಂದುಕೊಳ್ಳುತ್ತಾರೋ ಅದನ್ನೂ ಸೇರಿಸಿದೆ. ದ್ವೇಷದ ಜೊತೆ ಬೇರೆ ಕಾರಣವೂ ಇತ್ತು, ಉದಾಹರಣೆಗೆ ಸೋತ ಸಿಟ್ಟು, ಎಂದರೂ ತಪ್ಪಿಸಿಕೊಳ್ಳಲಾಗದು. ದಾವಣಗೆರೆಯ ಲಿಂಗಾಯತ ಹುಡುಗನನ್ನು ಐರಿಷ್ ಕ್ಯಾಥೊಲಿಕರಿಗೆ ಬೈಯುವ ಪದದಲ್ಲಿ ಬೈದರೂ ಕಾನೂನಿನ ಕಣ್ಣಿಗೆ ಕಾಣುವುದು ಬೈದವನ ಮನಸ್ಸು. ನಿಮ್ಮ ಮನೆಯ ಜಗಲಿ ಮೇಲಿನ ಫೋಟೊ ಅಲ್ಲ.

‘ಫೀನಿಯನ್’ ಎಂಬುದು 1858ರಲ್ಲಿ ಹುಟ್ಟಿದ, ಐರ್ಲೆಂಡಿನ ಸ್ವಾತಂತ್ರ್ಯಕ್ಕಾಗಿ ಹೋರಾಡಿದ ರಹಸ್ಯ ಸಂಘಟನೆಯಿಂದ ಬಂದ ಹೆಸರು. ‘ಅದು ರಾಜಕೀಯ ಪದ, ಧರ್ಮಕ್ಕೂ ಅದಕ್ಕೂ ಏನು ಸಂಬಂಧ?’ ಎಂಬ ವಾದವನ್ನು ನಾನೇ ಕೋರ್ಟಿನಲ್ಲಿ ಮಾಡಿದ್ದೇನೆ. ಸೋತಿದ್ದೇನೆ. ಶತ್ರುವಿನ ರಾಜಕೀಯ ವಿಚಾರಿಸಿಕೊಂಡು ಆ ಪದ ಕೂಗುವವರು ಯಾರೂ ಇಲ್ಲ.

2008ರ ನವೆಂಬರ್‌ನಲ್ಲಿ ಕಿಲ್ಮಾರ್ನಕ್ ಊರಿನ ರಗ್ಬಿ ಪಾರ್ಕ್ ಸ್ಟೇಡಿಯಂನಲ್ಲಿ ನಡೆದದ್ದನ್ನು ಹೇಳಬೇಕು. ರೇಂಜರ್ಸ್ ಆಡುತ್ತಿತ್ತು. ಎದುರಿಗಿದ್ದದ್ದು ಸೆಲ್ಟಿಕ್ ಅಲ್ಲವೇ ಅಲ್ಲ, ಕಿಲ್ಮಾರ್ನಕ್. ಒಬ್ಬ ರೇಂಜರ್ಸ್ ಅಭಿಮಾನಿ ‘ಫೀನಿಯನ್’ ಎಂದು ಕೂಗಿ ಬೈದು, ‘ಫ್ಯಾಮಿನ್ ಸಾಂಗ್’ ಎಂದು ಕರೆಯುವ ಹಾಡು ಹಾಡಿದ. ಬರ ಮುಗಿಯಿತಲ್ಲ, ಇನ್ನು ನಿಮ್ಮೂರಿಗೆ ಹೋಗಿ ಎನ್ನುವ ಹಾಡದು. ಧರ್ಮ, ಜನಾಂಗ ಎರಡರ ದ್ವೇಷವೂ ಸೇರಿದ ಶಾಂತಿಭಂಗ ಎಂದು ಅವನಿಗೆ ಶಿಕ್ಷೆಯಾಯಿತು. ಮೇಲ್ಮನವಿ ಹೈಕೋರ್ಟಿಗೆ ಹೋಯಿತು. 2009ರಲ್ಲಿ ಲಾರ್ಡ್ ಕಾರ್ಲೋವೇ ಇದ್ದ ಪೀಠ ಶಿಕ್ಷೆಯನ್ನು ಎತ್ತಿಹಿಡಿಯಿತು. ಈ ನೆಲದಲ್ಲೇ ಹುಟ್ಟಿದವರನ್ನು ಅವರ ಮೂಲದ ಕಾರಣಕ್ಕೆ ಹೊರಗೆ ಹೋಗಿ ಎನ್ನುವ ಆ ಹಾಡು ಜನಾಂಗೀಯ ದ್ವೇಷದ್ದು ಎಂದಿತು. ಸ್ಟೇಡಿಯಂ ಒಳಗಿದ್ದೇನೆ ಎಂದ ಮಾತ್ರಕ್ಕೆ ಮನಸ್ಸಿಗೆ ಬಂದಂತೆ ನಡೆದುಕೊಳ್ಳುವ ಹಕ್ಕು ಸಿಗುವುದಿಲ್ಲ ಎಂದೂ ಹೇಳಿತು.

ಈಗ ನಿಮ್ಮ ಮಗನ ರೈಲಿಗೆ ಬನ್ನಿ. ‘ಫೀನಿಯನ್’ ಮತ್ತು ‘ನಿಮ್ಮೂರಿಗೆ ಹೋಗು’ ಎರಡೂ ಒಟ್ಟಿಗೆ ಬಂದಿವೆ. ಹೇಳಿಸಿಕೊಂಡವನ ಮೈಬಣ್ಣ ಬೇರೆ ಕಣ್ಣಿಗೆ ಕಾಣುತ್ತಿದೆ. ಧರ್ಮದ್ದು ಒಂದು, ಜನಾಂಗದ್ದು ಇನ್ನೊಂದು, ಹೀಗೆ ಎರಡು ಅಗ್ರವೇಷನ್ ಹಾಕಬಹುದು. ಸ್ಕಾರ್ಫ್ ಎಳೆದದ್ದಂತೂ ಮಾತಿನ ಮಿತಿಯನ್ನೇ ದಾಟಿತು. ಇಲ್ಲಿನ ಕಾನೂನಿನಲ್ಲಿ ಅದು ಹಲ್ಲೆ. ಗಾಯ ಆಗಿರಲೇಬೇಕೆಂದಿಲ್ಲ. ನಿಮ್ಮ ಪತ್ರದಲ್ಲಿ ಬೈಗುಳಕ್ಕೆ ನಾಲ್ಕು ಸಾಲು ಕೊಟ್ಟು ಸ್ಕಾರ್ಫ್‌ಗೆ ನಾಲ್ಕು ಪದ ಕೊಟ್ಟಿದ್ದೀರಿ. ಪೊಲೀಸರಿಗೆ ಹೇಳುವಾಗ ಹಾಗೆ ಮಾಡಬೇಡಿ.

ಎಲ್ಲ ಸಲವೂ ಅಗ್ರವೇಷನ್ ಸಾಬೀತಾಗುತ್ತದೆ ಎಂದು ಮಾತ್ರ ತಿಳಿಯಬೇಡಿ. 2011ರ ಮೇ ತಿಂಗಳಲ್ಲಿ ಎಡಿನ್‌ಬರೋದ ಟೈನ್‌ಕಾಸಲ್ ಮೈದಾನದಲ್ಲಿ ಒಬ್ಬ ಪ್ರೇಕ್ಷಕ ಒಳಗೆ ನುಗ್ಗಿ ಆಗಿನ ಸೆಲ್ಟಿಕ್ ಮ್ಯಾನೇಜರ್ ನೀಲ್ ಲೆನನ್ ಮೇಲೆ ಏರಿಹೋದ. ಟಿವಿಯಲ್ಲಿ ಇಡೀ ದೇಶ ನೋಡಿತು. ಅವನು ‘ಫೀನಿಯನ್’ ಎಂದು ಬೈದ ಎಂದು ಭದ್ರತಾ ಸಿಬ್ಬಂದಿ ಸಾಕ್ಷಿ ಹೇಳಿದ. ಬೈದೆ, ಆದರೆ ಆ ಪದದಿಂದಲ್ಲ ಎಂದು ಆರೋಪಿ ಹೇಳಿದ. ಜ್ಯೂರಿ ಶಾಂತಿಭಂಗ ಮಾಡಿದ ಎಂದು ಒಪ್ಪಿತು, ಧರ್ಮದ್ವೇಷದ ಭಾಗವನ್ನು ತೆಗೆದುಹಾಕಿತು. ಚಿತ್ರ ಎಲ್ಲರ ಕಣ್ಣೆದುರಿತ್ತು. ಮಾತು ಕೇಳಿದ್ದು ಕೆಲವರಿಗಷ್ಟೇ. ಯಾವ ಪದ ಎಂಬುದರ ಮೇಲೇ ಎಲ್ಲ ನಿಂತುಬಿಡುತ್ತದೆ.

ಕ್ಲೈಡ್ ನದಿ ದಂಡೆಯ ಗ್ಲಾಸ್ಗೋ ಶೆರಿಫ್ ಕೋರ್ಟಿನಲ್ಲಿ ಇದನ್ನು ಹತ್ತಿರದಿಂದ ನೋಡಬಹುದು. ಪೊಲೀಸ್ ಪೇದೆ ಸಾಕ್ಷಿಕಟ್ಟೆಯಲ್ಲಿ ನೋಟ್‌ಬುಕ್ ತೆರೆದು, ಆರೋಪಿ ಕೂಗಿದ ಮಾತನ್ನು ದಿನಸಿ ಚೀಟಿ ಓದುವ ದನಿಯಲ್ಲಿ ಓದುತ್ತಾನೆ. ಮೈದಾನದಲ್ಲಿ ಕುದಿದಿದ್ದ ಮಾತು ಆ ತಣ್ಣಗಿನ ಕೋಣೆಯಲ್ಲಿ ಒಂದೊಂದೇ ಅಕ್ಷರವಾಗಿ ಬೀಳುತ್ತದೆ. ನನ್ನ ಕಕ್ಷಿಗಾರನಾಗಿದ್ದ 20ರ ಹುಡುಗನೊಬ್ಬ ಅಂಥ ಹೊತ್ತಿನಲ್ಲಿ ಹಿಂದಿನ ಬೆಂಚಿನಲ್ಲಿದ್ದ ಅಜ್ಜಿಯತ್ತ ತಿರುಗಿದ. ಅಜ್ಜಿ ಕೈಚೀಲದ ಹಿಡಿಯನ್ನೇ ನೋಡುತ್ತಾ ಕೂತಿದ್ದರು. ಅವರು ಮದುವೆಗೆ ಮುಂಚೆ ಕ್ಯಾಥೊಲಿಕ್ ಆಗಿದ್ದರು ಎಂದು ಅವನಿಗೆ ಗೊತ್ತಾದದ್ದೇ ಆ ದಿನ, ಹೊರಗಿನ ಮೆಟ್ಟಿಲ ಮೇಲೆ.

ಇನ್ನು ತಪ್ಪು ತಿಳಿವಳಿಕೆಗಳು. ‘ಫುಟ್‌ಬಾಲ್ ಬೈಗುಳದ ಕಾನೂನು ರದ್ದಾಗಿದೆ’ ಎಂದು ನಿಮಗೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಅರ್ಧ ನಿಜ. 2012ರ ಮಾರ್ಚ್‌ನಲ್ಲಿ ಫುಟ್‌ಬಾಲಿಗೆಂದೇ ಒಂದು ಕಾಯ್ದೆ ಜಾರಿಗೆ ಬಂತು. ಬೇರೆ ಕಡೆ ಅಪರಾಧವಲ್ಲದ ಮಾತು ಪಂದ್ಯದ ಸುತ್ತಮುತ್ತ ಮಾತ್ರ ಅಪರಾಧವಾಗುವ ಹಾಗಿತ್ತು ಅದು. ಒಬ್ಬ ಶೆರಿಫ್ 2013ರಲ್ಲಿ ತೀರ್ಪು ಕೊಡುವಾಗಲೇ ಆ ಕಾಯ್ದೆಯನ್ನು ‘ಮಿನ್ಸ್’ ಎಂದರು. ಇಲ್ಲಿನ ಆಡುಮಾತಿನಲ್ಲಿ ಹಾಗೆಂದರೆ ತಲೆಬುಡವಿಲ್ಲದ್ದು ಎಂದು. 2018ರ ಮಾರ್ಚ್‌ನಲ್ಲಿ ಸ್ಕಾಟಿಷ್ ಪಾರ್ಲಿಮೆಂಟು 62–60 ಮತಗಳಿಂದ ಅದನ್ನು ರದ್ದು ಮಾಡಿತು. ಹೋದದ್ದು ಆ ಒಂದು ಕಾಯ್ದೆ ಅಷ್ಟೆ. 38ನೇ ಸೆಕ್ಷನ್ ಇದೆ, ಶಾಂತಿಭಂಗ ಇದೆ, ಹಲ್ಲೆ ಇದೆ, ಅಗ್ರವೇಷನ್ ಇದೆ. ಫುಟ್‌ಬಾಲ್ ಮೈದಾನಕ್ಕೆ ಬರದಂತೆ ಕೋರ್ಟು ಹೊರಡಿಸುವ ನಿಷೇಧದ ಆದೇಶವೂ ಇದೆ.

ಇನ್ನೊಂದು ತಪ್ಪು ತಿಳಿವಳಿಕೆ ನಾವು ಭಾರತದಿಂದ ಹೊತ್ತು ತಂದದ್ದು. ‘ನಮ್ಮ ಭಾವನೆಗೆ ಧಕ್ಕೆಯಾಗಿದೆ’ ಎಂದು ದೂರು ಬರೆಯುವುದು. ನಮ್ಮಲ್ಲಿ ಧಾರ್ಮಿಕ ಭಾವನೆ ಕೆಣಕುವುದಕ್ಕೆ ಹಿಂದೆ 295ಎ ಇತ್ತು, ಈಗ ಭಾರತೀಯ ನ್ಯಾಯ ಸಂಹಿತೆಯ 299 ಇದೆ. ಸ್ಕಾಟ್ಲೆಂಡಿನಲ್ಲಿ ಅಂಥ ಅಪರಾಧ ಇಲ್ಲ. ದೈವನಿಂದನೆಯ ಹಳೆಯ ಅಪರಾಧವನ್ನು ಇದೇ 2021ರ ಕಾಯ್ದೆ ತೆಗೆದುಹಾಕಿತು. ಅದೇ ಕಾಯ್ದೆಯಲ್ಲಿ ದ್ವೇಷ ಕೆರಳಿಸುವ ದೊಡ್ಡ ಅಪರಾಧವೊಂದಿದೆ. 7 ವರ್ಷದವರೆಗೆ ಜೈಲು. ಆದರೆ ಧರ್ಮವೊಂದನ್ನು ಇಷ್ಟಪಡದಿರುವುದಕ್ಕೆ, ಗೇಲಿ ಮಾಡುವುದಕ್ಕೆ, ಹೀಗಳೆಯುವುದಕ್ಕೆ ಕೂಡ ಅಲ್ಲಿ ರಕ್ಷಣೆ ಇದೆ. ಆದ್ದರಿಂದ ‘ಮನಸ್ಸಿಗೆ ನೋವಾಯಿತು’ ಎಂದು ಬರೆದರೆ ಕಾನೂನಿನ ಕಿವಿಗೆ ಬೀಳುವುದಿಲ್ಲ. ‘ಹೆದರಿ, ಇಳಿಯಬೇಕಿಲ್ಲದ ಸ್ಟೇಷನ್‌ನಲ್ಲಿ ಇಳಿದೆ’ ಎಂಬುದು ಬೀಳುತ್ತದೆ.

ಅದೇ ಕಾರಣಕ್ಕೆ, ‘ನಿಮ್ಮ ಟೀಮ್ ಕಸ’, ‘ನಿಮ್ಮ ಗೋಲ್‌ಕೀಪರ್‌ಗೆ ಕಣ್ಣಿಲ್ಲ’, ‘ಸಾಲ ಮಾಡಿ ಮುಳುಗಿದ ಕ್ಲಬ್ಬು’, ಇಂಥವು ಎಷ್ಟೇ ಕೆಟ್ಟ ಬಾಯಲ್ಲಿ ಬಂದರೂ ಧರ್ಮದ್ವೇಷ ಆಗುವುದಿಲ್ಲ. ಫುಟ್‌ಬಾಲ್ ಅಭಿಮಾನ ಕಾಪಾಡುವ ಕಾನೂನು ಇಲ್ಲ. ಇರಬಾರದು ಕೂಡ.

ಈಗ ಮಗನ ‘ಹನ್’. ಇದು ನಿಜಕ್ಕೂ ಜಟಿಲ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರು ಜರ್ಮನ್ನರನ್ನು ಹೀಗಳೆಯಲು ಬಳಸಿದ ಪದ. ರೇಂಜರ್ಸ್‌ಗೆ ಹೇಗೆ ಅಂಟಿತು ಎಂಬುದಕ್ಕೆ ಒಬ್ಬೊಬ್ಬರು ಒಂದೊಂದು ಕಥೆ ಹೇಳುತ್ತಾರೆ. ಅದು ಕ್ಲಬ್ಬಿನ ಅಭಿಮಾನಿಗಳಿಗೆ ಹೇಳುವ ಮಾತು, ಧರ್ಮಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದು ಸೆಲ್ಟಿಕ್ ಕಡೆಯವರು ಹೇಳುತ್ತಾರೆ. ಉತ್ತರ ಐರ್ಲೆಂಡಿನಲ್ಲಿ ಅದೇ ಪದ ಪ್ರೊಟೆಸ್ಟೆಂಟರಿಗೆ ಬೈಗುಳ. ಅಲ್ಲಿನ ನಂಟು ಇರುವವರ ಕಿವಿಗೆ ‘ಹನ್’ ಹೇಗೆ ಬೀಳುತ್ತದೆಂದರೆ, ಇನ್ನೊಬ್ಬರಿಗೆ ‘ಫೀನಿಯನ್’ ಬಿದ್ದ ಹಾಗೆಯೇ. ನಿಮ್ಮ ಮಗನಿಗೆ ಇದು ಗೊತ್ತಿರಲಿಕ್ಕಿಲ್ಲ. ಗೆಳೆಯರ ಬಾಯಿಂದ ಕಲಿತ ಪದ. ಆ ಮೂವರೂ ಚಿಕ್ಕವರಿದ್ದಾಗ ತಮ್ಮ ಪದವನ್ನು ಹಾಗೇ ಕಲಿತಿರುತ್ತಾರೆ.

ಪೊಲೀಸರ ಮಟ್ಟದಲ್ಲಿ ನೋಡಿದರೆ, ಗುಂಪಿನಲ್ಲಿ ಒಂದು ಪದ, ಬೆದರಿಕೆ ಇಲ್ಲ, ಬೆನ್ನು ಹತ್ತಿದ್ದಿಲ್ಲ. ಭಯ–ಗಾಬರಿಯ ಮೊದಲ ಮೆಟ್ಟಿಲನ್ನೇ ಅದು ಹತ್ತುವುದು ಕಷ್ಟ. ಸಂದೇಶಗಳಿಗೆ 2003ರ ಕಮ್ಯುನಿಕೇಷನ್ಸ್ ಕಾಯ್ದೆಯ 127ನೇ ಸೆಕ್ಷನ್ ಇದೆ. ಅದಕ್ಕೂ ‘ತೀರಾ ಅಸಹ್ಯ’ ಎನ್ನುವಷ್ಟು ಇರಬೇಕು ಅಥವಾ ಬೆದರಿಕೆ ಇರಬೇಕು. ಆದರೆ ಆ ಪದದ ಹಿಂದೆ ಮುಂದೆ ಅವನು ಏನೇನು ಬರೆದಿದ್ದಾನೆ? ‘ನಿಮ್ಮವರನ್ನೆಲ್ಲ ನೋಡಿಕೊಳ್ತೀನಿ’ ಎಂಬಂಥದ್ದು ಇದ್ದರೆ ನನ್ನ ಉತ್ತರ ಬದಲಾಗುತ್ತದೆ. ಇಡೀ ಸಂಭಾಷಣೆಯನ್ನು ನೀವು ಕೂತು ಓದಿ. ಅವನು ಹೇಳುವ ಸಾರಾಂಶ ಬೇಡ.

ಕೆಲಸದ ಜಾಗದ ಲೆಕ್ಕ ಬೇರೆ. ಅಲ್ಲಿ 2010ರ ಈಕ್ವಾಲಿಟಿ ಕಾಯ್ದೆ ಬರುತ್ತದೆ. ಧರ್ಮಕ್ಕೆ ಸಂಬಂಧಿಸಿದ, ಎದುರಿನವರಿಗೆ ಬೇಡವಾದ ನಡವಳಿಕೆಯಿಂದ ಅವರ ಘನತೆಗೆ ಕುಂದು ಬಂದರೆ ಅದು ಕಿರುಕುಳ. ಭಯ ಹುಟ್ಟಿಸಬೇಕೆಂದೇನಿಲ್ಲ. ಇಲ್ಲಿ ಒಂದು ಕುತೂಹಲದ ತೀರ್ಪು ಇದೆ. ರೇಂಜರ್ಸ್ ಮೇಲಿನ ನಿಷ್ಠೆಯೇ ನನ್ನ ನಂಬಿಕೆ, ಧರ್ಮದ ಹಾಗೆಯೇ ಅದಕ್ಕೂ ರಕ್ಷಣೆ ಬೇಕು ಎಂದು ಒಬ್ಬ ಅಭಿಮಾನಿ ಗ್ಲಾಸ್ಗೋದ ಉದ್ಯೋಗ ನ್ಯಾಯಮಂಡಳಿಗೆ ಹೋದ. 2022ರಲ್ಲಿ ನ್ಯಾಯಮಂಡಳಿ ಒಪ್ಪಲಿಲ್ಲ. ಕ್ಲಬ್ ಬೆಂಬಲಿಸುವುದು ಜೀವನಶೈಲಿಯ ಆಯ್ಕೆ, ನಂಬಿಕೆ ಅಲ್ಲ ಎಂದಿತು. ಹಾಗಾಗಿ ಆ ಹುಡುಗ ‘ನಾನು ರೇಂಜರ್ಸ್ ಅಭಿಮಾನಿ, ಅದಕ್ಕೆ ಬೈದ’ ಎಂದರೆ ಈಕ್ವಾಲಿಟಿ ಕಾಯ್ದೆ ಅವನ ನೆರವಿಗೆ ಬರುವುದಿಲ್ಲ. ‘ನಾನು ಪ್ರೊಟೆಸ್ಟೆಂಟ್, ಅದಕ್ಕೆ ಬೈದ’ ಎಂದರೆ ಬರಬಹುದು. ಕಾನೂನು ಏನೇ ಹೇಳಲಿ, ಅಂಗಡಿಯವರು ತಮ್ಮದೇ ನಿಯಮದ ಪ್ರಕಾರ ಶಿಸ್ತಿನ ಕ್ರಮ ತೆಗೆದುಕೊಳ್ಳಬಹುದು ಎಂಬುದು ನೆನಪಿರಲಿ. ನನ್ನ ಅನುಭವದಲ್ಲಿ ಇಂಥವು ಜಾಸ್ತಿ ಮುಗಿಯುವುದು ಎಚ್ಚರಿಕೆಯ ಪತ್ರದಲ್ಲಿ.

ಮಗನಿಗೆ ಹೇಳಿ: ಸಂದೇಶ ಡಿಲೀಟ್ ಮಾಡಬಾರದು. ಸ್ಕ್ರೀನ್‌ಶಾಟ್ ಆಗಲೇ ಯಾರದ್ದೋ ಫೋನಿನಲ್ಲಿರುತ್ತದೆ, ಮುಚ್ಚಿಡಲು ಹೋದ ಎಂಬ ಮಾತು ಮಾತ್ರ ಮಿಗುತ್ತದೆ. ಆ ಹುಡುಗನ ಮುಖ ನೋಡಿ ಕ್ಷಮೆ ಕೇಳುವುದು ಒಳ್ಳೆಯದು. ಲಿಖಿತವಾಗಿ ಕೊಡಬೇಕಾದರೆ ಎರಡೇ ಸಾಲು ಸಾಕು: ಆ ಪದ ಬಳಸಬಾರದಿತ್ತು, ಮತ್ತೆ ಬಳಸುವುದಿಲ್ಲ. ಬರೆದ ಕ್ಷಮೆ ಮುಂದೆ ದಾಖಲೆಯೂ ಆಗುತ್ತದೆ, ಹಾಗಾಗಿ ರೈಲಿನ ಕಥೆಯನ್ನು ನೆಪವಾಗಿ ಅದರೊಳಗೆ ತರಬೇಡಿ. ಆ ಹುಡುಗ ರೈಲಿನಲ್ಲಿ ಇರಲಿಲ್ಲ.

ಪೌರತ್ವದ ಭಯದ ಬಗ್ಗೆ. ದೂರು ಕೊಟ್ಟವರಿಗೆ ಅದರಿಂದ ಏನೂ ಆಗುವುದಿಲ್ಲ. ಬಲಿಪಶು ಆಗಿರುವುದನ್ನು ಯಾವ ಅರ್ಜಿಯಲ್ಲೂ ನಿಮ್ಮ ವಿರುದ್ಧ ಎಣಿಸುವುದಿಲ್ಲ. ಮಗ ವಯಸ್ಕ, ಅವನ ನಡತೆಯನ್ನು ಅವನ ಅರ್ಜಿಯಲ್ಲಿ ನೋಡುತ್ತಾರೆ, ನಿಮ್ಮದರಲ್ಲಲ್ಲ. ಆದರೆ ಅವನ ಸಂದೇಶದ ವಿಷಯ ಪೊಲೀಸರವರೆಗೆ ಹೋದರೆ ಒಂದು ಅಪಾಯ ಇದೆ, ಇದನ್ನು ಎಷ್ಟೋ ವಕೀಲರೂ ಹೇಳುವುದಿಲ್ಲ. ಸಣ್ಣ ಕೇಸುಗಳಲ್ಲಿ ಪ್ರೊಕ್ಯುರೇಟರ್ ಫಿಸ್ಕಲ್, ಅಂದರೆ ಇಲ್ಲಿನ ಸರ್ಕಾರಿ ಅಭಿಯೋಜಕರು, ಕೋರ್ಟಿಗೆ ಹೋಗದೆ ದಂಡ ಕಟ್ಟಿ ಮುಗಿಸಿಕೊಳ್ಳಿ ಎಂದು ಅಂಚೆಯಲ್ಲಿ ಕಾಗದ ಕಳಿಸಬಹುದು. 28 ದಿನದೊಳಗೆ ‘ಒಪ್ಪುವುದಿಲ್ಲ’ ಎಂದು ತಿಳಿಸದಿದ್ದರೆ ಒಪ್ಪಿದಂತೆಯೇ ಲೆಕ್ಕ. ಸುಮ್ನೆ ಡ್ರಾಯರ್‌ನಲ್ಲಿಟ್ಟು ಮರೆತರೂ ಒಪ್ಪಿಗೆ. ಅದು ಕೋರ್ಟಿನ ಶಿಕ್ಷೆ ಅಲ್ಲ, ನಿಜ. ಆದರೆ ಹೋಂ ಆಫೀಸಿನ ಪೌರತ್ವದ ಅರ್ಜಿಯಲ್ಲಿ ಅದನ್ನು ಬರೆಯಬೇಕಾಗುತ್ತದೆ. ಅಂಥ ಕಾಗದ ಬಂದರೆ ಕಟ್ಟುವ ಮುಂಚೆ ವಕೀಲರಿಗೆ ತೋರಿಸಿ. ಪೊಲೀಸರು ‘ಸ್ವಲ್ಪ ಮಾತಾಡಿ ಹೋಗಿ’ ಎಂದು ಕರೆದರೂ, ಬಂಧನ ಆಗಿಲ್ಲದಿದ್ದರೂ, ವಿಚಾರಣೆಯಲ್ಲಿ ವಕೀಲರು ಪಕ್ಕದಲ್ಲಿರಬೇಕೆಂದು ಕೇಳುವ ಹಕ್ಕು ಅವನಿಗಿದೆ.

ರೈಲಿನ ದೂರು ಕೊಡಬೇಕೇ ಬೇಡವೇ ಎಂಬುದು ನಿಮ್ಮ ಮತ್ತು ಅವನ ತೀರ್ಮಾನ, ಮುಖ್ಯವಾಗಿ ಅವನದ್ದು. ಕೊಡಿ ಎಂದೇ ನಾನು ಹೇಳುತ್ತೇನೆ. ತೊಡಕುಗಳನ್ನೂ ಹೇಳಿಬಿಡುತ್ತೇನೆ. ಆ ಮೂವರು ಸಿಗದೇ ಹೋಗಬಹುದು. ಸಿಕ್ಕರೆ ತಿಂಗಳುಗಟ್ಟಲೆ ಕಾಯಬೇಕು, ಅವನು ಕೋರ್ಟಿನಲ್ಲಿ ನಿಂತು ಆ ಮಾತನ್ನು ತನ್ನ ಬಾಯಿಂದಲೇ ಹೇಳಬೇಕು. ‘ನೀನೂ ಹನ್ ಅಂದಿದ್ದೀಯಲ್ಲ’ ಎಂದು ಎದುರು ಪಕ್ಷದ ವಕೀಲರು ಕೆದಕಲು ನೋಡಬಹುದು. ದೂರು ಕೊಡದಿದ್ದರೆ? ಅದೇ ರೈಲಿನಲ್ಲಿ ಮುಂದಿನ ಪಂದ್ಯದ ದಿನ ಇನ್ನೊಂದು ಮಗು ಇರುತ್ತದೆ. ನಿಮ್ಮ ಮಗ ಆ ಸ್ಕಾರ್ಫನ್ನು ಬೀರುವಿನಿಂದ ತೆಗೆಯದೇ ಇರಬಹುದು. ಅವನು ಪ್ರೀತಿಸಿದ್ದನ್ನು ಅವನಿಂದ ಕಿತ್ತುಕೊಂಡ ಹಾಗೆ ಅದು.

ರೈಲಿನಲ್ಲಿ ಆದದ್ದಕ್ಕೆ ಬ್ರಿಟಿಷ್ ಟ್ರಾನ್ಸ್‌ಪೋರ್ಟ್ ಪೊಲೀಸ್. 61016ಕ್ಕೆ ಮೆಸೇಜ್ ಕಳಿಸಬಹುದು. ಬೋಗಿಯ ಕ್ಯಾಮೆರಾ ದೃಶ್ಯ ತುಂಬಾ ದಿನ ಉಳಿಯುವುದಿಲ್ಲ. ಇವತ್ತೇ ಮಾಡಿ. ಕ್ಯಾಮೆರಾದಲ್ಲಿ ಎಳೆದಾಟ ಕಾಣುತ್ತದೆ. ಮಾತು ಕೇಳಿಸದಿರಬಹುದು.

ಮಾತಿಗೆ ಸಾಕ್ಷಿ ಯಾರು? ಸ್ಕಾಟ್ಲೆಂಡಿನಲ್ಲಿ ಅಪರಾಧ ಸಾಬೀತಾಗಲು ಎರಡು ಮೂಲದ ಸಾಕ್ಷ್ಯ ಬೇಕು, ಒಬ್ಬನ ಮಾತು ಸಾಲದು. ಅಗ್ರವೇಷನ್‌ಗೆ ಮಾತ್ರ ಒಂದೇ ಮೂಲ ಸಾಕು. ಅಂದರೆ ಎಳೆದದ್ದಕ್ಕೆ ಕ್ಯಾಮೆರಾ ಮತ್ತು ಮಗ ಇಬ್ಬರೂ ಇದ್ದರೆ, ಯಾವ ಪದ ಎಂಬುದಕ್ಕೆ ಮಗನೊಬ್ಬನೇ ಸಾಕಾಗಬಹುದು. ಕ್ಯಾಮೆರಾ ಸಿಗದಿದ್ದರೆ? ಇಲ್ಲಿ ನೀವು ಬರುತ್ತೀರಿ. ಘಟನೆ ಆದ ಕೂಡಲೇ ನೊಂದವರು ಇನ್ನೊಬ್ಬರಿಗೆ ಹೇಳಿಕೊಂಡ ಮಾತನ್ನು ಎರಡನೆಯ ಸಾಕ್ಷ್ಯವೆಂದು ಎಣಿಸಬಹುದು ಎಂದು ಎಡಿನ್‌ಬರೋದಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ 2024ರ ಅಕ್ಟೋಬರ್‌ನಲ್ಲಿ ತೀರ್ಪು ಕೊಟ್ಟಿತು. 1937ರಿಂದ ನಡೆದುಬಂದಿದ್ದ ನಿಯಮ ಅಲ್ಲಿಗೆ ಮುಗಿಯಿತು. ಪ್ಲಾಟ್‌ಫಾರ್ಮಿನಿಂದ ಅವನು ಅಳುತ್ತಾ ಮಾಡಿದ ಆ ಫೋನ್ ಬರೀ ನಿಮ್ಮ ನಿದ್ದೆ ಕೆಡಿಸಿದ ಕರೆಯಲ್ಲ, ಸಾಕ್ಷ್ಯ.

ಹಾಗಾಗಿ ಇವತ್ತು ರಾತ್ರಿ ಒಂದು ಕಾಗದ ತೆಗೆದುಕೊಂಡು ಕೂತುಕೊಳ್ಳಿ. ಮಗನನ್ನು ಕೇಳಿ ಸರಿಪಡಿಸಿಕೊಳ್ಳಬೇಡಿ, ಅವನದ್ದು ಅವನು ಬೇರೆ ಬರೆಯಲಿ. ಫೋನಿನಲ್ಲಿ ಕರೆ ಬಂದ ಸಮಯ ನೋಡಿ ಬರೆಯಿರಿ. ಅವನ ದನಿ ಹೇಗಿತ್ತು, ಹಿಂದೆ ರೈಲಿನ ಸದ್ದು ಕೇಳುತ್ತಿತ್ತಾ, ಮೊದಲು ಏನು ಹೇಳಿದ, ಆಮೇಲೆ ಏನು ಹೇಳಿದ, ಎಲ್ಲ ಬರೆಯಿರಿ. ಅವನು ನಿಮ್ಮ ಹತ್ತಿರ ಕನ್ನಡದಲ್ಲೇ ತಾನೆ ಮಾತಾಡಿದ್ದು? ಬಾಯಿಂದ ಬಂದ ಹಾಗೆ, ದಾವಣಗೆರೆ ಮಾತಿನಲ್ಲೇ, ಕನ್ನಡದಲ್ಲೇ ಬರೆಯಿರಿ. ಅದನ್ನು ಇಂಗ್ಲಿಷಿಗೆ ತಿರುಗಿಸುವುದು ಕೋರ್ಟಿನ ದುಭಾಷಿಯ ಕೆಲಸ.